ಎಂಟನೆಯ ಸೆಕೆಂಡು

ಬಂದರಿನ ಮ್ಯೂಸಿಯಮ್ಮಿಗೆ ನಲವತ್ತು ಸೆಕೆಂಡಿನ ಕ್ರೇನು ಬೇಕಂತೆ.
ಟಿಕೆಟ್ ಕೌಂಟರಿನ ಮೇಲಿನ ಪರದೆಯಲ್ಲಿ
ದಿನವಿಡೀ ತಿರುಗುತ್ತಿರಬೇಕು, ಸದ್ದಿಲ್ಲದೆ.
ಮಾಡಿದೆ. ಹಸಿರು ಕ್ರೇನು, ಬೂದು ಬಾಲ್ಟಿಕ್,
ಕೊಕ್ಕೆಗೆ ಒಂದು ಉಕ್ಕಿನ ಹಲಗೆ.
ಸೊನ್ನೆಯಲ್ಲೊಂದು ಕೀಫ್ರೇಮು, ಹತ್ತರಲ್ಲೊಂದು,
ನಡುವಿನದ್ದನ್ನು ಯಂತ್ರ ತಾನೇ ತುಂಬಿಕೊಂಡಿತು.

ಸರಿಯಿದೆಯೇ ನೋಡಲು ಕಳಿಸಿದ್ದು ಪಾನ್ ಬ್ರುನೊನ್‌ರನ್ನು.
ಗ್ದಿನ್ಯಾದ ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ಮೂರನೇ ನಂಬರಿನ ಗೂಡಲ್ಲಿ ಕೂತವರು.
ಕೋಟು ಕಳಚಲಿಲ್ಲ. ಟ್ರಾಲಿಬಸ್ಸಿನ ಟಿಕೆಟ್ಟನ್ನು
ಇನ್ನೂ ಬೆರಳಲ್ಲಿ ಮಡಚುತ್ತ ಒಮ್ಮೆ ನೋಡಿ
ಕಡ್ಡಿ ಮುರಿದಂತೆ ಅಂದರು:
"ಇದು ಕ್ರೇನಲ್ಲ, ಗಡಿಯಾರದ ಮುಳ್ಳು. ತೂಕವೇ ಇಲ್ಲ.
ಹನ್ನೆರಡು ಟನ್ನು ಹಾಗೆ ಹೊರಡುವುದಿಲ್ಲ, ಮಗಳೇ.
ಹಾಗೆ ನಿಂತರಂತೂ
ಕೆಳಗೆ ಒಬ್ಬ ಸತ್ತಿರುತ್ತಾನೆ."

ನನಗೆ ಗ್ರಾಫು ಗೊತ್ತು. ರೇಖೆಯ ಎರಡೂ ಕಿವಿ ಹಿಡಿದು
ಹೊರಡುವಲ್ಲಿ ಬಗ್ಗಿಸಿದೆ, ನಿಲ್ಲುವಲ್ಲಿ ಒರಗಿಸಿದೆ.
ಮೂವತ್ತಮೂರು ಪರ್ಸೆಂಟು. ಅರವತ್ತು.
"ಈಗ?"
"ಈಗ ಬೆಣ್ಣೆ."
ತೊಂಬತ್ತು.
"ಈಗ ಕುಡಿದಿದೆ."
ಓಲಾಟ, ಹಗ್ಗದ ಉದ್ದ, ನೀರಿನ ಮೇಲಿನ ನೆರಳು,
ಒಂದನ್ನು ನೆಟ್ಟಗೆ ಮಾಡಿದರೆ ಇನ್ನೊಂದು ಸೊಟ್ಟ.

ನಿಮಗೆ ಎಷ್ಟು ಹಿಡಿ ಇದ್ದವು, ಕೇಳಿದೆ.
"ಎರಡು. ಉಳಿದದ್ದು ಕುಂಡೆಯಲ್ಲಿ.
ಕುರ್ಚಿ ಹೇಳುತ್ತದೆ."

ಹಾಗಾಗಿ, ಏನೂ ಕಾಣದ ಒಂದು ಖಾಲಿ ಲೇಯರು ಮಾಡಿ
ಅದರ ಕೈಗೆ ಎರಡೇ ಸ್ಲೈಡರು ಕೊಟ್ಟೆ.
ಓಲಾಟ, ಹಗ್ಗ, ನೆರಳು, ನೀರಿನ ಸುಕ್ಕು,
ಎಲ್ಲದರ ಮೂಗುದಾರ ತಂದು ಅವೆರಡಕ್ಕೆ ಕಟ್ಟಿದೆ.
ಮೌಸು ಬೇಡವೆಂದರು. ಕೆಳಮನೆಯ ಹುಡುಗನ
ಆಟದ ಜಾಯ್‌ಸ್ಟಿಕ್ಕು ಬೇಡಿ ತಂದೆ.
ಕೋಟು ಕಳಚಿದರು.

ರೆಕಾರ್ಡು ಒತ್ತಿದೆ. ಅವರು ಪರದೆ ನೋಡಲಿಲ್ಲ,
ಅದರ ಹಿಂದೆ, ನಲವತ್ತು ಮೀಟರು ಕೆಳಗೆ
ಯಾರದೋ ಕೈಸನ್ನೆ ನೋಡುತ್ತಿದ್ದರು.
ಹಲಗೆ ನೆಲ ಬಿಡುವ ಮೊದಲು ಹಗ್ಗ ಬಿಗಿಯಿತು.
ಒಂದು ಕ್ಷಣ ಏನೂ ಇಲ್ಲ.
ಆಮೇಲೆ ಎದ್ದಿತು.
ನನಗೇ ತಿಳಿಯದೆ ಕುರ್ಚಿ ಹಿಂದೆ ಸರಿಸಿಕೊಂಡಿದ್ದೆ.
ಹಲಗೆ ಜೋಲಿ ಹೊಡೆಯಹೊರಟಾಗ ಎಳೆದು ನಿಲ್ಲಿಸಲಿಲ್ಲ,
ತೋಳನ್ನೇ ಅದರ ತಲೆಯ ಮೇಲಕ್ಕೆ ಓಡಿಸಿದರು;
ಮುನಿದ ಮಗುವಿನ ಹಿಂದೆ ಎರಡು ಹೆಜ್ಜೆ ಹೋದರೆ
ಅದು ತಣ್ಣಗಾಗುವ ಹಾಗೆ, ತಣ್ಣಗಾಯಿತು.

ಟೈಮ್‌ಲೈನಿನ ತುಂಬ ಕೀಫ್ರೇಮು, ಚೆಲ್ಲಿದ ಸಾಸಿವೆ.
ಹತ್ತಿರ ಎಳೆದು ನೋಡಿದೆ. ರೇಖೆಗೆ ಹಲ್ಲು ಬಂದಿದ್ದವು,
ಗರಗಸ, ಸೆಕೆಂಡಿಗೆ ಐದು ಸಲ, ಬಿಡದೆ.
ಅವರ ಬಲಗೈ ಆಗಲೇ ತೊಡೆಯಡಿಗೆ ಹೋಗಿತ್ತು.
ಪರದೆಯಲ್ಲಿ ಹನ್ನೆರಡು ಟನ್ನು
ಸಣ್ಣಗೆ ನಡುಗುತ್ತ ಸಮುದ್ರದ ಮೇಲೆ ಸಾಗುತ್ತಿತ್ತು.
ಚೆಂದ ಕಂಡಿತು ನನಗೆ. ಹೀಗೇ ಇರಲಿ, ಅಂದೆ,
ಇದರೊಳಗೆ ಒಬ್ಬ ಮನುಷ್ಯ ಇದ್ದಾನೆ.

"ಮೂವತ್ತೊಂದು ವರ್ಷ," ಅಂದರು, ದನಿ ಏರಿಸದೆ,
"ನನ್ನ ಹೊರೆ ಒಮ್ಮೆಯೂ ನಡುಗಿಲ್ಲ.
ಅದು ಕಾಯಿಲೆ, ನಾನಲ್ಲ.
ತೆಗಿ."

ನುಣುಪಿನ ಅಂಕಿಯನ್ನು ಎಂಟಕ್ಕೆ ಏರಿಸಿದೆ, ಹನ್ನೆರಡಕ್ಕೆ.
ನಾನೂರ ಹತ್ತು ಕಾಳಿನಲ್ಲಿ ಇಪ್ಪತ್ತಾರು ಉಳಿದವು.
ತುಂಬಿದ ಕೊಡದ ಹಾಗೆ ಹೋಯಿತು ಹಲಗೆ, ತುಳುಕದೆ.
ಅವರು ತಲೆಯಾಡಿಸಿದರು, ಇಷ್ಟೇ ಇಷ್ಟು.

ಕೋಟು ಹಾಕಿಕೊಂಡರು. ಮೂರನೆಯ ಗುಂಡಿ ಒಪ್ಪಲಿಲ್ಲ.
ನಾನು ಕಿಟಕಿಯಾಚೆಯ ತಂತಿ ಎಣಿಸುತ್ತ ನಿಂತೆ.
ಬಾಗಿಲಲ್ಲಿ ತಿರುಗಿದರು:
"ಎಂಟನೆಯ ಸೆಕೆಂಡಲ್ಲಿ ಒಂದು ಸಲ ಅಲ್ಲಾಡಿತ್ತಲ್ಲ,
ಅದನ್ನೂ ತೆಗೆದೆಯಾ?"
ತೆಗೆದೆ.
"ವಾಪಸ್ಸು ಹಾಕು. ಅದು ಕೈಯಲ್ಲ.
ಗೋದಾಮು ದಾಟುತ್ತಲೂ ಅಲ್ಲಿ
ಓಕ್ಸಿವಿಯೆ ಕಡೆಯಿಂದ ಗಾಳಿ ಬರುತ್ತದೆ."